ಮಾಣಿಕಟ್ಟಾದ ಗಜನಿ: ಮಳೆಗಾಲಕ್ಕೆ ಕಗ್ಗ, ಬೇಸಿಗೆಗೆ ಮೀನು

ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ನದಿಯು ಕುಮಟಾ ತಾಲ್ಲೂಕಿನಲ್ಲಿ ಸಮುದ್ರವನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರದ ಉಪ್ಪುನೀರು ದಿನಕ್ಕೆ ಎರಡು ಬಾರಿ ಒಳನುಗ್ಗುವ ಈ ತಗ್ಗು ನೆಲಕ್ಕೆ ಕಟ್ಟೆ ಹಾಕಿ ಹಿಂದಿನವರು ಸಾಗುವಳಿಗೆ ತಂದರು. ಇದೇ ಗಜನಿ ಭೂಮಿ. ಮಾಣಿಕಟ್ಟಾ ಗ್ರಾಮದ ಜೀವನವು ಬಹುಕಾಲ ಈ ಕಟ್ಟೆಯನ್ನೇ ಅವಲಂಬಿಸಿತ್ತು.

ಇಲ್ಲಿನ ತಳಿ ಕಗ್ಗ. ಭತ್ತದ ಬೆಳೆಗೆ ಉಪ್ಪಿನ ಬಾಧೆ ಎಳೆಸಸಿಯಲ್ಲಿಯೂ ಹೂ ಬಿಡುವ ಹಂತದಲ್ಲಿಯೂ ಹೆಚ್ಚು. ಮುಂಗಾರು ಹಿಡಿದು ಹೊಳೆಯ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆಯುವ ಹೊತ್ತಿಗೆ ಮೊಳಕೆ ಬಂದ ಬೀಜ ಎರಚುವುದು ಇದೇ ಕಾರಣದಿಂದ. ಪೈರು ಎತ್ತರವಾಗಿ ಬೆಳೆಯುವುದರಿಂದ ನೆರೆಯಲ್ಲಿ ಮುಳುಗಿಹೋಗುವುದಿಲ್ಲ. ಗೊಬ್ಬರವನ್ನು ಕೊಡುವ ಪದ್ಧತಿಯಿಲ್ಲ. ನದಿ ತರುವ ಮೆಕ್ಕಲು ಮಣ್ಣೇ ಸಾಕು. ಇಳುವರಿ ಕಡಿಮೆಯೆಂಬುದು ನಿಜ, ಆದರೆ ಖರ್ಚೂ ಕಡಿಮೆ.

ನೀರು ನಿಂತ ಗದ್ದೆಯಲ್ಲಿ ತೆನೆಯನ್ನಷ್ಟೇ ಕೊಯ್ದು ದೋಣಿಗೆ ತುಂಬುತ್ತಾರೆ. ಉದ್ದನೆಯ ಕೂಳೆ ಅಲ್ಲಿಯೇ ಉಳಿಯುತ್ತದೆ. ಇದು ಸೋಮಾರಿತನವಲ್ಲ. ಕೊಯ್ಲಾದ ಮೇಲೆ ತೂಬು ತೆರೆದು ಉಬ್ಬರದ ನೀರನ್ನು ಒಳಬಿಟ್ಟಾಗ ಕೊಳೆತ ಕೂಳೆ ಸೀಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಅಳಿವೆಯಲ್ಲಿ ಬಳಚು ಆಯುವುದೂ ಸಮೀಪದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವುದೂ ಇದೇ ನೀರಿನ ಕಸುಬುಗಳು.

ಮೊದಲು ಮಣ್ಣಿನ ಕಟ್ಟೆಯನ್ನು ರೈತರೇ ಕೂಡಿ ವರ್ಷವರ್ಷವೂ ದುರಸ್ತಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರವು ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಅನುಕೂಲವೇನೋ ಆಯಿತು, ಕೂಡಿ ದುಡಿಯುವ ರೂಢಿ ಮಾತ್ರ ಸಡಿಲವಾಯಿತು. ಮುಂದೆ ಸೀಗಡಿಯ ಬೆಲೆ ಏರಿ ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಬೇಕಾದದ್ದು ಉಪ್ಪುನೀರು, ಕಗ್ಗಕ್ಕೆ ಬೇಕಾದದ್ದು ಸಿಹಿನೀರು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗವು ದೇಶದ ಸೀಗಡಿ ಸಾಕಣೆಗೆ ಭಾರಿ ಪೆಟ್ಟು ಕೊಟ್ಟಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದ ಸೀಗಡಿ ಹೊಂಡಗಳ ವಿರುದ್ಧ ತೀರ್ಪನ್ನಿತ್ತಿತು. ಅಷ್ಟರಲ್ಲಿ ಎಷ್ಟೋ ಗದ್ದೆಗಳಲ್ಲಿ ಕಗ್ಗ ಬಿತ್ತುವುದೇ ನಿಂತಿತ್ತು.

ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಕಟ್ಟೆ ಒಂದೆಡೆ ಒಡೆದರೂ ಉಪ್ಪುನೀರು ಎಲ್ಲರ ಪೈರಿಗೂ ನುಗ್ಗುತ್ತದೆ. ಬೀಜದ ಸಂಗತಿಯೂ ಹಾಗೆಯೇ: ಭತ್ತದ ಬೀಜವನ್ನು ಮನೆಯ ಕಣಜದಲ್ಲಿ ಬಹಳ ವರ್ಷ ಇಡಲಾಗದು, ಬಿತ್ತಿಯೇ ಉಳಿಸಬೇಕು. 2024ರಲ್ಲಿ ಅಘನಾಶಿನಿ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಕಟ್ಟೆಯ ಬಿರುಕನ್ನು ಮುಚ್ಚುವ ಕೆಲಸ ಮಾತ್ರ ಪ್ರತಿವರ್ಷ ಮುಂಗಾರಿಗೆ ಮುನ್ನ ರೈತರ ಪಾಲಿಗೇ ಬರುತ್ತದೆ.