ನೇರವಾಗಿ ಕೇಳಿ, ಹೆದರಬೇಡಿ

ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವ ಯುವ ವೈದ್ಯರೇ, ಖಿನ್ನತೆ ಅಥವಾ ಬೈಪೋಲಾರ್ ಕಾಯಿಲೆಯವರು ಬಂದಾಗ ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆಗೆ ಆಧಾರವಿಲ್ಲ. ಎಷ್ಟೋ ಜನರಿಗೆ ಹೇಳಿಕೊಂಡ ಮೇಲೆ ಮನಸ್ಸು ಹಗುರಾಗುತ್ತದೆ.

ರೋಗಿಯೊಂದಿಗೆ ಏಕಾಂತದಲ್ಲಿ ಮಾತಾಡಿ, ಆಮೇಲೆ ಮನೆಯವರನ್ನೂ ವಿಚಾರಿಸಿ. ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದರೇ, ಈಗ ಯೋಜನೆ ಇದೆಯೇ, ನಿದ್ದೆ ಹೇಗಿದೆ, ಕುಡಿತ ಇದೆಯೇ ಎಂದು ತಿಳಿದುಕೊಳ್ಳಿ. ರೋಗಿ ಒಮ್ಮೆಲೇ ಶಾಂತರಾದರೆಂದೋ ಅಪಾಯ ಅಳೆಯುವ ಪ್ರಶ್ನಾವಳಿಯಲ್ಲಿ ಕಡಿಮೆ ಅಂಕ ಬಂತೆಂದೋ ನಿರಾಳರಾಗಬೇಡಿ.

ಮನೆಗೆ ಕಳಿಸುವ ಮುನ್ನ ಕೀಟನಾಶಕ, ಮಾತ್ರೆಗಳನ್ನು ಕೈಗೆಟುಕದಂತೆ ಇಡಲು ಮನೆಯವರಿಗೆ ಹೇಳಿ. ಮನೋವೈದ್ಯರ ಭೇಟಿಯ ದಿನ ಗೊತ್ತುಮಾಡಿ. ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಡಿ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ ಅಪಾಯ ಹೆಚ್ಚು. ಆಗ ಅವರ ಕೈ ಬಿಡಬೇಡಿ.