ಮಳೆ ಇಲ್ಲ, ಹೊಳೆ ಬಂತು

ಆಳಂದದ ಕಡೆಯ ನೀರು ಅಮರ್ಜಾ ಹೊಳೆ ಸೇರುತ್ತದೆ. ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ತಾಲ್ಲೂಕಿನಲ್ಲಿ ಹರಿಯುತ್ತಾಳೆ.

ಈ ದಾರಿ ನಮ್ಮದು. ಕಚ್ಚಾ ರಸ್ತೆಯಲ್ಲಿ ಟಂಟಂ ಹತ್ತುತ್ತೇವೆ. ದಂಡೆಯಲ್ಲಿ ನಡೆಯುತ್ತೇವೆ. ದೋಣಿಯಲ್ಲಿ ಹೊಳೆ ದಾಟುತ್ತೇವೆ.

“ಅಕ್ಕಾ, ಮಳಿ ಇಲ್ಲ. ಬಿಸಿಲು ಅದ. ಹೊಳಿ ದಾಟೋಣೇನು?”

“ತಡಿ ತಂಗಿ. ಮ್ಯಾಲ ನೀರು ಬಿಟ್ಟಾರೇನು, ಕೇಳೋಣ.”

ಅಕ್ಕನ ಮಾತು ಸರಿ. ಮಹಾರಾಷ್ಟ್ರದಲ್ಲಿ ಭೀಮೆಗೆ ಉಜನಿ ಅಣೆಕಟ್ಟು ಇದೆ. ಅದು ತುಂಬಿದರೆ ನೀರು ಬಿಡುತ್ತಾರೆ. ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ಭೀಮೆಯ ನೀರು ನುಗ್ಗಿತು.

ಅಮೆರಿಕದ ಮರುಭೂಮಿಯಲ್ಲಿ ಆಂಟಿಲೋಪ್ ಎಂಬ ಕಲ್ಲಿನ ಕಣಿವೆ ಇದೆ. ಬಹಳ ಇಕ್ಕಟ್ಟು. ಜನ ನಡೆದು ನೋಡಲು ಹೋಗುತ್ತಾರೆ. 1997ರಲ್ಲಿ ದೂರದ ಮಳೆಯ ನೀರು ಒಮ್ಮೆಲೇ ಅಲ್ಲಿಗೆ ನುಗ್ಗಿತು. 11 ಜನ ತೀರಿಕೊಂಡರು.

ಹೊಳೆಗೆ ಇಳಿಯುವ ಮುಂಚೆ ಊರಲ್ಲಿ ವಿಚಾರಿಸೋಣ. ಡಂಗುರ ಹೊಡೆದರೆ ದಂಡೆ ಬಿಡೋಣ. ನೀರು ರಾಡಿಯಾಗಿ ಕಸಕಡ್ಡಿ ತೇಲಿ ಬಂದರೆ ಕೂಡಲೇ ಮೇಲೆ ಹತ್ತೋಣ. ತುಂಬಿದ ದೋಣಿ ಏರುವುದು ಬೇಡ.

ಹೇಳಿರಿ: ಮಳೆ ಇಲ್ಲದೆ ಹೊಳೆ ಏಕೆ ಏರುತ್ತದೆ?
ಬರೆಯಿರಿ: ಹೊಳೆ, ದೋಣಿ, ದಂಡೆ, ಡಂಗುರ.