ನಮ್ಮ ಊರಿನ ಮಳೆ ಯಾವ ಸಮುದ್ರದ್ದು?



ವಾಡಿ ಜಂಕ್ಷನ್ ನೀವೆಲ್ಲಾ ನೋಡಿದ್ದೀರಿ. ಶಹಾಬಾದ್ ಮೇಲಿಂದ ಮುಂಬೈ ಗಾಡಿ ಬರುತ್ತದೆ. ಸೇಡಂ, ಚಿತ್ತಾಪುರ ಮೇಲಿಂದ ಹೈದರಾಬಾದ್ ಗಾಡಿ ಬರುತ್ತದೆ. ಗಾಡಿ ಎಲ್ಲಿಂದ ಬಂತು ಅಂತ ಬೋರ್ಡ್ ನೋಡಿ ಹೇಳಬಹುದು. ಆದರೆ ಮೋಡಕ್ಕೆ ಬೋರ್ಡ್ ಇರುವುದಿಲ್ಲ. ಹಾಗಾದರೆ ನಮ್ಮ ಹೊಲಕ್ಕೆ ಬಿದ್ದ ಮಳೆ ಎಲ್ಲಿಯದು ಅಂತ ಹೇಗೆ ತಿಳಿಯಬೇಕು?

ಇದೇ ಮಾತಿಗೆ ನಮ್ಮ ಮನೆಯಲ್ಲಿ ವಾದ ಆಗಿತ್ತು. ನಾನು ಪರೀಕ್ಷೆಯಲ್ಲಿ "ನಮಗೆ ಮಳೆ ಅರಬ್ಬಿ ಸಮುದ್ರದಿಂದ ಬರುತ್ತದೆ" ಎಂದು ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಮುತ್ಯಾ ಮಾತ್ರ, "ಅಲ್ಲೋ ತಮ್ಮಾ, ತೊಗರಿ ಹೂವಿನ ಟೈಮಿಗೆ ಬರೋ ಮಳಿ ಮೂಡಲ ಕಡಿಂದ ಬರ್ತದ" ಅಂದರು. ನಾನು ಸಿಟ್ಟಿಗೆ, "ನಿಂಗೇನ್ ಗೊತ್ತು ಮುತ್ಯಾ, ಪುಸ್ತಕದಾಗ ಹಂಗಿಲ್ಲ" ಅಂದುಬಿಟ್ಟೆ. ಮುತ್ಯಾ ಸುಮ್ಮನಾದರು. ಮರುದಿನ ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಹೇಳಿದ್ದು, ನಾನು ಓದಿದ್ದು ಎರಡೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಭಾರದ ನೀರು, ಹಗುರ ನೀರು

ನೀರು ಜಲಜನಕ ಮತ್ತು ಆಮ್ಲಜನಕದಿಂದ ಆಗಿದೆ. ಆಮ್ಲಜನಕದ ಪರಮಾಣುಗಳೆಲ್ಲಾ ಒಂದೇ ತೂಕದವಲ್ಲ. ಹೆಚ್ಚಿನವುಗಳ ತೂಕ 16. ಸುಮಾರು 500ಕ್ಕೆ ಒಂದರ ತೂಕ 18. ಇವುಗಳಿಗೆ ಸಮಸ್ಥಾನಿ ಅಥವಾ ಐಸೊಟೋಪ್ ಎನ್ನುತ್ತಾರೆ. ಜಲಜನಕದಲ್ಲೂ ಭಾರದ್ದು ಒಂದಿದೆ, ಅದರ ಹೆಸರು ಡ್ಯೂಟೇರಿಯಂ. ಇದನ್ನು 1931ರಲ್ಲಿ ಅಮೆರಿಕದ ಹೆರಾಲ್ಡ್ ಯೂರಿ ಕಂಡುಹಿಡಿದರು. 1934ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೆದರಬೇಡಿ, ಇವು ಸ್ಥಿರವಾದವು, ವಿಕಿರಣ ಸೂಸುವುದಿಲ್ಲ. ನಾವು ಕುಡಿಯುವ ಪ್ರತಿ ಲೋಟದಲ್ಲೂ ಇವೆ.

ಸಮುದ್ರದ ನೀರು ಆವಿಯಾಗುವಾಗ ಹಗುರ ನೀರು ಬೇಗ ಮೇಲೇಳುತ್ತದೆ. ಆವಿ ಮಳೆಯಾಗುವಾಗ ಭಾರದ ನೀರು ಮೊದಲು ಇಳಿಯುತ್ತದೆ. ಕಣದಲ್ಲಿ ತೊಗರಿ ತೂರುವುದನ್ನು ನೆನೆಸಿಕೊಳ್ಳಿ. ಗಟ್ಟಿ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಮೋಡವೂ ಹಾಗೆಯೇ. ದಾರಿಯಲ್ಲಿ ಮಳೆ ಸುರಿಸಿದಷ್ಟೂ ಮುಂದಿನ ಮಳೆಯಲ್ಲಿ ಭಾರದ ನೀರಿನ ಪಾಲು ಕಡಿಮೆಯಾಗುತ್ತದೆ. ಆದರೆ ಕಣದ ಹಾಗೆ ಪೂರ್ತಿ ಬೇರೆಯಾಗುವುದಿಲ್ಲ. ವ್ಯತ್ಯಾಸ ಬಹಳ ಸಣ್ಣದು, ಅದನ್ನು ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ಯಂತ್ರ ಬೇಕು.

ಎರಡು ಸಮುದ್ರಗಳು

ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಮೋಡಗಳು ಸಹ್ಯಾದ್ರಿ ಬೆಟ್ಟ ಹತ್ತುವಾಗಲೇ ಬಹಳ ಮಳೆ ಸುರಿಸುತ್ತವೆ. ಉಳಿದದ್ದು ನಮ್ಮ ಕಡೆ ಬರುತ್ತದೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯಿಂದ ಮಳೆ ಬರುತ್ತದೆ. ಗಂಗಾ, ಬ್ರಹ್ಮಪುತ್ರ ನದಿಗಳು ಮಳೆನೀರನ್ನೆಲ್ಲಾ ಆ ಕೊಲ್ಲಿಗೆ ತಂದು ಸುರಿಯುವುದರಿಂದ ಅದರ ಮೇಲ್ಪದರದಲ್ಲಿ ಹಗುರ ನೀರಿನ ಪಾಲು ಜಾಸ್ತಿ. ಕೇರಳದಲ್ಲಿ ಅಳೆದು ನೋಡಿದಾಗ ಹಿಂಗಾರಿನ ಮಳೆ ಮುಂಗಾರಿನ ಮಳೆಗಿಂತ ಹಗುರ ಇರುವುದು ಕಂಡುಬಂತು. ಜೋರು ಮಳೆ ಬಂದರೂ ನೀರು ಹಗುರಾಗುತ್ತದೆ. ಅದಕ್ಕೇ ವಿಜ್ಞಾನಿಗಳು ಗಾಳಿ ಬಂದ ದಾರಿಯನ್ನೂ ಹೊಂದಿಸಿ ನೋಡುತ್ತಾರೆ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2013ರ ಮುಂಗಾರಿನಲ್ಲಿ ಮಳೆನೀರು ಮತ್ತು ಗಾಳಿಯ ಆವಿ ಎರಡನ್ನೂ ಹಿಡಿದು ಪರೀಕ್ಷಿಸಿದರು. ಬೆಂಗಳೂರಿನ ಮಳೆಯ ತೂಕಕ್ಕೆ ಅರಬ್ಬಿ ಸಮುದ್ರ ಮತ್ತು ಪಶ್ಚಿಮ ಘಟ್ಟದ ಮೇಲೆ ಮೊದಲೇ ಸುರಿದ ಮಳೆ ಒಂದು ಕಾರಣ. ನೆಲದಿಂದ ತಿರುಗಿ ಮೇಲೆ ಹೋದ ಆವಿ ಇನ್ನೊಂದು ಕಾರಣ.

ಅಂದರೆ ಮಳೆಗೆ ಮೂರನೇ ತವರೂ ಇದೆ, ಅದು ನಮ್ಮ ನೆಲ! ಚಿಂಚೋಳಿ ಕಾಡಿನ ಗಿಡಗಳು, ನಮ್ಮ ತೊಗರಿ ಬೆಳೆ ಬೇರಿನಿಂದ ಕುಡಿದ ನೀರನ್ನು ಎಲೆಯಿಂದ ಗಾಳಿಗೆ ಬಿಡುತ್ತವೆ. ಅದೇ ಮುಂದೆ ಎಲ್ಲೋ ಮಳೆಯಾಗುತ್ತದೆ. ಶಹಾಬಾದಿನ ಪರಸಿ ಖಣಿಯಲ್ಲಿ ನಿಂತ ನೀರು ಬೇಸಿಗೆಯಲ್ಲಿ ಬತ್ತಿದಂತೆ ಹಗುರ ನೀರು ಹೋಗಿ ಭಾರದ್ದು ಉಳಿಯುತ್ತದೆ. ಆದ್ದರಿಂದಲೇ ಪರೀಕ್ಷೆಗೆ ಹಿಡಿದ ಮಳೆನೀರನ್ನು ಬಾಟಲಿ ತುಂಬಿಸಿ ಬಿರಡೆ ಗಟ್ಟಿಯಾಗಿ ಹಾಕಬೇಕು. ತೆರೆದಿಟ್ಟರೆ ಗುರುತು ಕೆಡುತ್ತದೆ.

ಮುತ್ಯಾ ಹೇಳಿದ್ದು ಖರೇನಾ?

ಖರೇ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಕಡೆ ಬಂತು. ಆಗ ಕಾಗಿಣಾ ನದಿ ತುಂಬಿ ಹರಿಯಿತು. ಆ ಮಳೆ ಮೂಡಲ ಕಡೆಯಿಂದಲೇ ಬಂದದ್ದು. ಪುಸ್ತಕ ಹೇಳಿದ್ದು ಮುಂಗಾರಿನ ಮಾತು, ಮುತ್ಯಾ ಹೇಳಿದ್ದು ಹಿಂಗಾರಿನ ಮಾತು. ನಾನು ಅರ್ಧ ಉತ್ತರ ಬರೆದು ಪೂರ್ತಿ ಗೊತ್ತು ಅಂದುಕೊಂಡಿದ್ದೆ.

ಮನೆಗೆ ಹೋಗಿ, "ಮುತ್ಯಾ, ನಂದೇ ತಪ್ಪು" ಅಂದೆ. ತೂಕದ ಕಥೆಯನ್ನೆಲ್ಲಾ ಹೇಳಿದೆ. ಮುತ್ಯಾ ನಕ್ಕು, "ನಂಗ ಆ ತೂಕ ಗೊತ್ತಿಲ್ಲಪ್ಪ, ಗಾಳಿ ಯಾವ ಕಡಿ ಬೀಸ್ತದ ಅಷ್ಟೇ ಗೊತ್ತದ" ಅಂದರು.

ಗೆಳೆಯರೇ, ಯಂತ್ರ ನಮ್ಮ ಶಾಲೆಯಲ್ಲಿ ಇಲ್ಲ. ಆದರೆ ಮಳೆ ಬಂದ ದಿನ, ಗಾಳಿಯ ದಿಕ್ಕು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ನಾನು ಶುರು ಮಾಡಿದ್ದೇನೆ. ನೀವೂ ಮಾಡಿರಿ. ನಿಮ್ಮ ಮನೆಯ ಹಿರಿಯರನ್ನೂ ಕೇಳಿರಿ. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ.

ಉತ್ತರಿಸಿರಿ:
1. ಮೋಡ ದೂರ ಹೋದಂತೆ ಮಳೆಯಲ್ಲಿ ಭಾರದ ನೀರು ಯಾಕೆ ಕಡಿಮೆಯಾಗುತ್ತದೆ?
2. ಭಾರದ ನೀರಿನ ಪಾಲು ಯಾವುದರಲ್ಲಿ ಹೆಚ್ಚು, ಬೇಸಿಗೆಯ ಖಣಿ ನೀರಿನಲ್ಲೋ, ಹೊಸ ಮಳೆನೀರಿನಲ್ಲೋ?

— ಏಳನೇ ತರಗತಿ ವಿದ್ಯಾರ್ಥಿ